ಕುರ್ಮಾ: ಉಗಮ, ಪ್ರಸರಣ ಮತ್ತು ಹದಡಿ ರಸ್ತೆ

ಪೂರಿಯ ಪಕ್ಕದಲ್ಲಿ ಬಡಿಸಲಾಗುವ ಕುರ್ಮಾ ಎಂಬ ದ್ರವಪದಾರ್ಥದ ಹೆಸರು ಮೂಲತುರ್ಕಿಯ *ಕಗುರ್ ಎಂಬ ಧಾತುವಿನಿಂದ ಹುಟ್ಟಿದ್ದು. ಹುರಿ ಎಂಬುದು ಅದರ ಅರ್ಥ. ಮೊದಲಲ್ಲಿರುವ ನಕ್ಷತ್ರ ಚಿಹ್ನೆಯು, ಆ ರೂಪವನ್ನು ಯಾರೂ ಬರೆದಿಟ್ಟಿಲ್ಲ, ವಿದ್ವಾಂಸರು ಪುನಾರಚಿಸಿದ್ದಾರೆ ಎಂಬುದನ್ನು ಸೂಚಿಸುತ್ತದೆ. ದಾವಣಗೆರೆಯಿಂದ ಹದಡಿಯವರೆಗಿನ ಖಾನಾವಳಿಗಳಲ್ಲಿ ನಕ್ಷತ್ರ ದೊರೆತಿರುವುದು ಈ ಧಾತುವಿಗೆ ಮಾತ್ರ.

ಪದದ ಪ್ರಸರಣವು ನಾಲ್ಕು ಹಂತಗಳಲ್ಲಿ ನಡೆಯಿತು. ತುರ್ಕಿಯಲ್ಲಿ ಅದು ಕವುರ್ಮಾ, ಅಂದರೆ ತನ್ನದೇ ಕೊಬ್ಬಿನಲ್ಲಿ ಹುರಿದು ಚಳಿಗಾಲಕ್ಕೆಂದು ಕಾದಿಟ್ಟ ಮಾಂಸ. ಪಾರಸಿಯಲ್ಲಿ ಕೊರ್ಮಾ ಆಯಿತು. ಮೊಗಲರೊಡನೆ ದಕ್ಷಿಣಕ್ಕಿಳಿಯಿತು. 1687ರಲ್ಲಿ ಅವರು ರಚಿಸಿದ ಸಿರಾ ಸುಬಾದ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾದ್ದರಿಂದ, ಹದಡಿಯ ಸೀಮೆಗೆ ಉಳಿದದ್ದು ಒಂದು ಊಟದ ದಾರಿ. ನಾಲ್ಕನೆಯ ಹಂತದಲ್ಲಿ, ಸಸ್ಯಾಹಾರಿ ಖಾನಾವಳಿಗಳಲ್ಲಿ, ಕ್ಯಾರೆಟ್, ಬೀನ್ಸ್ ಹಾಗೂ ತೆಂಗಿನಕಾಯಿ ಅಧಿಕಾರ ವಹಿಸಿಕೊಂಡವು. ಇಲ್ಲಿ ಒಂದು ನಿಯಮ ಗೋಚರಿಸುತ್ತದೆ: ಅಕ್ಷರ ಉದುರಿದಷ್ಟು ನೀರು ಸೇರುತ್ತದೆ. ಇನ್ನೊಂದಕ್ಷರ ಉದುರಿದಲ್ಲಿ ವಿಷಯವು ಭದ್ರಾ ನಾಲೆಯ ಅಧಿಕಾರಿಗಳ ವ್ಯಾಪ್ತಿಗೆ ಬರುತ್ತದೆ.

ಧಾತುವಿನ ಮೂಲ ಕ್ರಿಯೆ ಈ ಊರಿನಲ್ಲಿ ಇಲ್ಲವೆಂದಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹುರಿಯುವ ಕೆಲಸ ನಡೆದೇ ಇದೆ. ಆದರೆ ಅಲ್ಲಿ ಹುರಿದದ್ದನ್ನು ಯಾರೂ ಕುರ್ಮಾ ಎನ್ನುವುದಿಲ್ಲ, ಕುರ್ಮಾ ಎಂದದ್ದನ್ನು ಯಾರೂ ಹುರಿಯುವುದಿಲ್ಲ. ಕ್ರಿಯೆ ಒಂದು ಬಡಾವಣೆಯಲ್ಲಿ, ಹೆಸರು ಮತ್ತೊಂದು ರಸ್ತೆಯಲ್ಲಿ ನೆಲೆಸುವ ಈ ಸ್ಥಿತಿಯನ್ನು ಶಾಸ್ತ್ರಜ್ಞರು ಅರ್ಥಪಲ್ಲಟ ಎನ್ನುತ್ತಾರೆ. ಭಟ್ಟಿಯವರು, ಜೊತೆಗೆ ಮಿರ್ಚಿ ಬೇಕೇ ಎನ್ನುತ್ತಾರೆ.

ಎರಡನೆಯ ಪಕ್ಷವೊಂದು ಪದವನ್ನು ವಿಷ್ಣುವಿನ ಕೂರ್ಮಾವತಾರದಿಂದ ಸಾಧಿಸುತ್ತದೆ. ಇದಕ್ಕೆ ಪ್ರತ್ಯಕ್ಷ ಪ್ರಮಾಣಗಳಿವೆ. ಆಲೂಗಡ್ಡೆಯು ಬೆನ್ನನ್ನಷ್ಟೇ ಮೇಲಿಟ್ಟು ತೇಲುತ್ತದೆ. ಸೌಟಿನಿಂದ ಬಹುಕಾಲ ಕಡೆದ ಮೇಲೆ ಬಟಾಣಿಯೊಂದು ಉದ್ಭವಿಸುತ್ತದೆ. ಅದನ್ನು ಯಾರ ತಟ್ಟೆಗೆ ಹಾಕಬೇಕೆಂಬ ಬಗ್ಗೆ ಎರಡು ಬಣಗಳಾಗುವುದೂ ಪುರಾಣಕ್ಕೆ ಅನುಗುಣವಾಗಿಯೇ ಇದೆ.

ತುರ್ಕಿ ಪಕ್ಷ ಮತ್ತು ವೈಷ್ಣವ ಪಕ್ಷಗಳ ಈ ವ್ಯಾಜ್ಯವನ್ನು ಹರಿಹರಕ್ಕೆ ಒಪ್ಪಿಸುವುದು ಸೂಕ್ತ. ಶಿವ, ವಿಷ್ಣು ಇಬ್ಬರನ್ನೂ ಒಂದೇ ವಿಗ್ರಹದಲ್ಲಿ ನಿಲ್ಲಿಸಿ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ದೇಗುಲ ಕಟ್ಟಿಸಿದ ಆ ಊರಿಗೆ ರಾಜಿಯ ದೀರ್ಘ ಅನುಭವವಿದೆ. ಅಲ್ಲಿ ಕುರ್ಮಾವನ್ನೂ ಚಟ್ನಿಯನ್ನೂ ಒಂದೇ ಬಟ್ಟಲಿಗೆ ಸುರಿದು ಕೊಡುವ ಪದ್ಧತಿ ಈಗಾಗಲೇ ಜಾರಿಯಲ್ಲಿದೆ.