ಮಾರಿ ರಿಪೇರಿ

ಗರಗದ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯುತ್ತಾರೆ ಅನ್ನುವುದು ಧಾರವಾಡ ಸೀಮೆಯವರು ಎದೆಯುಬ್ಬಿಸಿ ಹೇಳುವ ಮಾತು. ಬಟ್ಟೆಯ ಎಳೆ ಎಣಿಸಿ, ತೂಕ ನೋಡಿಯೇ ಪಾಸು ಮಾಡಬೇಕು. ಆಮೇಲೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಣ್ಣ ಹತ್ತಿ, 24 ಗೀಟಿನ ಚಕ್ರ ಕೂತು ಅದು ಧ್ವಜವಾಗುತ್ತದೆ. ಲೆಕ್ಕ ತಪ್ಪಿದ್ದು ನಪಾಸು. ಅಂಥ ಧ್ವಜಕ್ಕೂ ಕೇಂದ್ರ ಸರಕಾರ 2021ರ ಡಿಸೆಂಬರ್ 30ರಂದು ಸಂಹಿತೆ ತಿದ್ದಿ, ಪಾಲಿಯೆಸ್ಟರ್ ಆದರೂ ನಡೆದೀತು, ಮಷೀನಿನಲ್ಲಿ ತೆಗೆದರೂ ನಡೆದೀತು ಎಂದು ರಿಯಾಯಿತಿ ಕೊಟ್ಟುಬಿಟ್ಟಿತು. ಆದರೆ ಊರ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತ ಹಿರಿಯರು ಹುಡುಗರ ಮಾರಿಯ ವಿಷಯದಲ್ಲಿ ಇನ್ನೂ ಒಂದೆಳೆ ಬಿಟ್ಟುಕೊಡಲು ತಯಾರಿಲ್ಲ.

ಧಾರವಾಡದ ಬಸ್ಸಿಗೆ ಕಾಯುವ ತಾಯಿಯೊಬ್ಬಳ ಪಕ್ಕದಲ್ಲಿ ಡೌನ್ ಸಿಂಡ್ರೋಮ್ ಇರುವ ಏಳೆಂಟು ವರ್ಷದ ಮಗ ಕೂತು ಬಿಸ್ಕೀಟು ತಿನ್ನುತ್ತಿದ್ದರೆ ಸಾಕು, ತಪಾಸಣೆ ಶುರು.

"ಹುಡುಗ ಯಾಕವಾ ನಾಲಿಗಿ ಹೊರಗ ಹಾಕತೈತಿ?"

"ಹುಟ್ಟಿದಾಗಿಂದ ಹಂಗ ಐತ್ರಿ ಅಜ್ಜಾರ."

"ಕಣ್ಣೂ ಒಂದ ನಮೂನಿ ಅದಾವ ನೋಡು. ಈಗ ಎಲ್ಲಾದಕ್ಕೂ ಆಪ್ರೇಶನ್ ಬಂದಾವಂತ. ಒಮ್ಮಿ ತೋರಸಬಾರದೇನವಾ? ಮಂದ್ಯಾಗ ಬಾಳೇವು ಮಾಡಾಂವ."

ಹೀಗೆ ಹೇಳುವ ಅಜ್ಜನ ಮುಂದಿನ ನಾಲ್ಕು ಹಲ್ಲು ಎಂದೋ ಉದುರಿವೆ, ಉಳಿದವು ತಂಬಾಕಿಗೆ ಕಪ್ಪಿಟ್ಟಿವೆ. ಅವನ ಮಾರಿಯನ್ನು ಯಾರೂ ರಿಪೇರಿಗೆ ಕಳಿಸುವುದಿಲ್ಲ. ಹುಡುಗ ಮಾತ್ರ ಅಜ್ಜನ ಬೊಚ್ಚುಬಾಯಿ ನೋಡಿಯೂ ಏನೂ ಅನ್ನದೆ ಅರ್ಧ ಬಿಸ್ಕೀಟು ಮುಂದೆ ಹಿಡಿಯುತ್ತಾನೆ. ಬುದ್ಧಿ ಕಡಿಮೆ ಅಂತಾರಲ್ಲ, ಅದಕ್ಕೇ ಇರಬೇಕು.

ಅಜ್ಜನ ಸಲಹೆಯನ್ನು ಹಳ್ಳಿಯ ಅಜ್ಞಾನ ಎಂದು ತಳ್ಳಿಹಾಕುವ ಹಾಗಿಲ್ಲ. ಅದಕ್ಕೆ ವಿದೇಶಿ ವಂಶಾವಳಿಯೇ ಇದೆ. 1970-80ರ ದಶಕಗಳಲ್ಲಿ ಪಶ್ಚಿಮ ಜರ್ಮನಿ, ಇಸ್ರೇಲಿನಂಥ ದೇಶಗಳ ಸರ್ಜನ್‌ಗಳು ಡೌನ್ ಸಿಂಡ್ರೋಮ್ ಮಕ್ಕಳ ಮಾರಿ ತಿದ್ದಲು ಕೂತರು. ಕಣ್ಣಂಚಿನ ಚರ್ಮದ ಮಡಿಕೆ ಕತ್ತರಿಸುವುದು, ಚಪ್ಪಟೆ ಮೂಗನ್ನು ಎತ್ತರಿಸುವುದು, ಗಲ್ಲ ಮುಂದೆ ಚಾಚುವಂತೆ ಮಾಡುವುದು, ನಾಲಿಗೆಯಲ್ಲಿ ಒಂದು ಬೆಣೆಯಷ್ಟು ತುಂಡು ತೆಗೆಯುವುದು. ಜೆರುಸಲೇಮಿನ ಮನಶ್ಶಾಸ್ತ್ರಜ್ಞ ರೂವೆನ್ ಫಾಯರ್‌ಸ್ಟೈನ್ ಈ ಮಕ್ಕಳಿಗೂ ಕಲಿಯುವ ಶಕ್ತಿ ಇದೆ ಎಂದು ಜೀವಮಾನವಿಡೀ ವಾದಿಸಿದ ದೊಡ್ಡ ಮನುಷ್ಯ. ಅಂಥವರೂ ಇದನ್ನು ಬೆಂಬಲಿಸಿದರು. ಮಾರಿ ಬದಲಾದರೆ ಮಂದಿ ಮಗುವಿನಿಂದ ಹೆಚ್ಚು ನಿರೀಕ್ಷಿಸುತ್ತಾರೆ, ಮಗು ಹೆಚ್ಚು ಕಲಿಯುತ್ತದೆ ಎಂಬುದು ಲೆಕ್ಕ. ಅಂದರೆ ತಪ್ಪು ಎಣಿಸಿದವರು ಮಂದಿ, ಹೊಲಿಗೆ ಬಿದ್ದದ್ದು ಮಗುವಿಗೆ.

ನಾಲಿಗೆ ಸಣ್ಣದಾದರೆ ಮಾತು ಸ್ಪಷ್ಟವಾಗುತ್ತದೆ ಎಂಬ ಭರವಸೆಯೂ ಇತ್ತು. 1987ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆಪರೇಶನ್ ಆದ ಮಕ್ಕಳ ಉಚ್ಚಾರವನ್ನು ಆಗದವರ ಜೊತೆ ಹೋಲಿಸಿ ನೋಡಿದರು. ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಹೇಗೆ ಕಂಡೀತು? ಈ ಮಕ್ಕಳ ಜೀವಕೋಶದಲ್ಲಿ 46ರ ಬದಲು 47 ಕ್ರೋಮೋಸೋಮ್ ಇರುತ್ತವೆಂದು ಫ್ರಾನ್ಸಿನ ಲೆಜೂನ್ ಮತ್ತವರ ಸಂಗಡಿಗರು 1959ರಲ್ಲೇ ತೋರಿಸಿದ್ದರು. ಕತ್ತರಿ ಅಲ್ಲಿತನಕ ಹೋಗುವುದಿಲ್ಲ.

ಎಲ್ಲ ಆಪರೇಶನ್ನೂ ಬೇಡವೆನ್ನುವ ಪೈಕಿ ನಾನಲ್ಲ. ಸೀಳುತುಟಿಯ, ಸೀಳು ಅಂಗುಳದ ಕೂಸಿಗೆ ಮೊಲೆ ಚೀಪಲಾಗುವುದಿಲ್ಲ, ಕುಡಿದ ಹಾಲು ಮೂಗಿನಿಂದ ಬರುತ್ತದೆ. ಅದನ್ನು ಹೊಲಿಯುವ ಕೈಗಳಿಗೆ ನಮಸ್ಕಾರ. ನನ್ನ ತಕರಾರು ಬೇರೆ. ಡೌನ್ ಸಿಂಡ್ರೋಮ್ ಇರುವ ಹತ್ತು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಬಹಳ ಮಕ್ಕಳಿಗೆ ಥೈರಾಯ್ಡ್ ತೊಂದರೆ, ಕಿವಿ ಮಂದ. "ಎದಿ ತೂತು ತೋರ್ಸಿರೇನವಾ? ಕಿವಿ ಪರೀಕ್ಷಾ ಮಾಡ್ಸಿರೇನು?" ಎಂದು ಕಟ್ಟೆಯ ಮೇಲೆ ಒಬ್ಬರಾದರೂ ಕೇಳಿದ್ದನ್ನು ನಾನು ಕೇಳಿಲ್ಲ. ಎದೆಯ ತೂತು ಹೊರಗೆ ಕಾಣುವುದಿಲ್ಲ. ಕಂಡದ್ದಕ್ಕೆ ಮಾತ್ರ ಔಷಧ, ಯಾಕೆಂದರೆ ಔಷಧ ಬೇಕಾದದ್ದು ನೋಡುವವರಿಗೆ.

ಕಾಯಿದೆಯ ತಮಾಷೆ ಬೇರೆಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಒಪ್ಪುತ್ತದೆ. ಆದರೆ ಬಹುಪಾಲು ಸವಲತ್ತಿಗೆ ಕನಿಷ್ಠ 40 ಪರ್ಸೆಂಟು ಇರಬೇಕು. ಅಪ್ಪ ಒಂದು ಕಿಸೆಯಲ್ಲಿ ಮಗನ ಮಾರಿ "ನಾರ್ಮಲ್" ಮಾಡುವ ಡಾಕ್ಟರ ಎಸ್ಟಿಮೇಟು, ಇನ್ನೊಂದರಲ್ಲಿ ಮಗ ನಾರ್ಮಲ್ ಅಲ್ಲವೆಂಬ ಸರ್ಟಿಫಿಕೇಟು ಇಟ್ಟುಕೊಂಡು ತಿರುಗಬೇಕು. ರಿಪೇರಿ ಚಲೋ ಆದರೆ ನಾಳೆ ಪಾಸು ನೋಡಿದ ಕಂಡಕ್ಟರನೇ, "ಏನೂ ಆಗಿಲ್ಲಲ್ರೀ ಇವಂಗ!" ಅಂದಾನು.

ಮತ್ತೆ, ರಿಪೇರಿ ಮಾರಿಗೇ ನಿಲ್ಲುವುದೂ ಇಲ್ಲ. 1994ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಶಿರೂರಿನ ಸರಕಾರಿ ಆಶ್ರಯಧಾಮದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆದರು. ಮುಟ್ಟಿನ ಸ್ವಚ್ಛತೆ ನೋಡಿಕೊಳ್ಳುವುದು ಕಷ್ಟ ಎಂಬುದು ಕೊಟ್ಟ ಕಾರಣ. ನೀರು, ಬಟ್ಟೆ, ಸೋಪು, ಒಬ್ಬ ಆಯಾ ಇಷ್ಟನ್ನು ಒದಗಿಸುವುದು ಸರಕಾರಕ್ಕೆ ಭಾರ, ಹೊಟ್ಟೆ ಕೊಯ್ಯುವುದು ಸಲೀಸು. ಅಮೆರಿಕದವರು ಇದನ್ನು ಇನ್ನೂ ನಾಜೂಕಾಗಿ ಮಾಡಿದರು. ಸಿಯಾಟಲ್‌ನಲ್ಲಿ 2004ರಲ್ಲಿ, ಜಗತ್ತು ಆ್ಯಶ್ಲಿ ಎಂದು ಕರೆದ ಆರು ವರ್ಷದ ಹುಡುಗಿಯ ಗರ್ಭಕೋಶ ಮತ್ತು ಸ್ತನದ ಮೊಗ್ಗು ತೆಗೆದು, ಹಾರ್ಮೋನು ಕೊಟ್ಟು ಬೆಳವಣಿಗೆ ನಿಲ್ಲಿಸಿದರು, ಎತ್ತಿಕೊಳ್ಳಲು ಹಗುರಾಗಿರಲಿ ಎಂದು. ಕೋರ್ಟಿನ ಅನುಮತಿಯಿಲ್ಲದೆ ಗರ್ಭಕೋಶ ತೆಗೆದದ್ದು ಕಾನೂನಿಗೆ ವಿರುದ್ಧವೆಂದು ಆಸ್ಪತ್ರೆ 2007ರಲ್ಲಿ ಒಪ್ಪಿಕೊಂಡಿತು. ಒಪ್ಪಿಗೆ ಕೇಳುವ ಕೆಲಸ ಯಾವಾಗಲೂ ಹೊಲಿಗೆ ಬಿಚ್ಚಿದ ಮೇಲೆಯೇ ನೆನಪಾಗುತ್ತದೆ. ನಮ್ಮ 2016ರ ಕಾಯಿದೆ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಕಳೆಯುವ ಚಿಕಿತ್ಸೆ ಕೂಡದು ಎನ್ನುತ್ತದೆ. ಮೂಗು, ನಾಲಿಗೆಯ ಬಗ್ಗೆ ಹಾಗೆ ಬಿಡಿಸಿ ಹೇಳಿಲ್ಲ. ಕಟ್ಟೆಯ ಹಿರಿಯರಿಗೆ ಅಷ್ಟಾದರೂ ಜಾಗ ಬೇಡವೇ.

ತಾಯಿತಂದೆಯರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಓಣಿ, ಸಾಲಿ, ಸಂತೆ, ಜಾತ್ರೆ, ಎಲ್ಲಿ ಹೋದರೂ ನೂರು ಕಣ್ಣು ಮಗನ ಮೇಲೆ ನೆಟ್ಟಾಗ ಯಾವ ತಾಯಿಗಾದರೂ ಡಾಕ್ಟರ ಬಾಗಿಲು ಕಂಡೀತು. ಅದಕ್ಕೂ ದೊಡ್ಡ ಅಂಜಿಕೆ ಮಗಳ ಲಗ್ನದ್ದು. ಕನ್ಯಾ ನೋಡಲು ಬಂದವರು ಪಡಸಾಲೆಯಲ್ಲಿ ಚುರುಮುರಿ, ಮಿರ್ಚಿ ತಿನ್ನುವಾಗ ಇಂಥ ಅಣ್ಣ ಹಿಂದಿನ ಕೋಣೆಯಲ್ಲಿ ಚಿಲಕದೊಳಗೆ ಇರುತ್ತಾನೆ. ಒಳಗಿನಿಂದ ಬಾಗಿಲು ಬಡಿಯುವ ಸಪ್ಪಳ ಕೇಳಿದರೆ, "ಎಮ್ಮಿ ಒದರಾಕತ್ತೇತ್ರಿ" ಎಂದು ಕಾಕಾ ಸಮಜಾಯಿಷಿ ಕೊಡುತ್ತಾನೆ. "ಒಂದೀಟು ಮಾರಿ ಸರಿ ಮಾಡ್ಸಿಬಿಟ್ರ ನಾಕ ಮಂದ್ಯಾಗ ಹೊರಗ ಕುಂದರಸಬಹುದು," ಎಂದು ರಾತ್ರಿ ಲೆಕ್ಕ ಹಾಕುವವನೂ ಅದೇ ಕಾಕಾ. ಹೊಲ ಒತ್ತಿ ಇಟ್ಟರಾಯಿತು.

ಸರಿ, ಇಡೋಣ. ಕಣ್ಣು ತಿದ್ದಿಸಿ, ಮೂಗು ಎತ್ತರಿಸಿ, ನಾಲಿಗೆ ಮೊಟಕು ಮಾಡಿಸಿ, ಹೊಸ ಅಂಗಿ ಹಾಕಿ ಹುಡುಗನನ್ನು ಪಡಸಾಲೆಯಲ್ಲಿ ಬೀಗರ ಎದುರು ಕೂರಿಸೋಣ. ಅವರು ಮೆಚ್ಚಿ ತಲೆಯಾಡಿಸುವಷ್ಟರಲ್ಲಿ ಅವನು ತನ್ನ ಹಳೇ ದನಿಯಲ್ಲಿ, ಹಳೇ ತೊದಲಿನಲ್ಲಿ, "ಮಾಮಾ, ಮಿಚ್ಚಿ ತಿನ್ನು" ಎಂದುಬಿಡುತ್ತಾನೆ. ಆದ್ದರಿಂದ ಕಾಕಾನಿಗೆ ಒಂದೇ ಸೂಚನೆ: ಎಸ್ಟಿಮೇಟು ಬರೆಸುವಾಗಲೇ ತುಟಿ ಹೊಲಿಯುವ ಖರ್ಚನ್ನೂ ಸೇರಿಸಿಬಿಡಲಿ.