ಹಿನ್ನೀರಿನ ಮೇಲೆ ಹೆಜ್ಜೇನು

ಭಾನುವಾರ ಹಿನ್ನೀರಿಗೆ ಗಾಳ ಹಾಕಲು ಹೊರಟಿದ್ದೀರಿ ಅಂತ ಅಕ್ಕ ಹೇಳಿದರು. ಹೋಗಿ ಬನ್ನಿ ಅಣ್ಣಾ. ನೀರು ಚೆನ್ನಾಗಿ ಇಳಿದಿದೆ, ಜಿಲೇಬಿ ಮೀನು ದಡದ ಹತ್ತಿರವೇ ಸಿಗುತ್ತಿದೆಯಂತೆ. ಆದರೆ ಹೊರಡುವ ಮುಂಚೆ ಈ ಬೇಲಿ ಹತ್ತಿರ ಒಂದು ಗಳಿಗೆ ನಿಲ್ಲಿ. "ನೀರಿನ ನಡುವೆ ತೆಪ್ಪದಲ್ಲಿ ಕೂತಿರೋವಾಗ ಹೆಜ್ಜೇನು ಬಂದ್ರೆ ಓಡೋದಾದ್ರೂ ಎಲ್ಲಿಗೆ ತಮ್ಮಾ?" ಅಂತ ಕೇಳಿದ್ದಿರಲ್ಲ, ಆ ಮಾತು ಮಾತಾಡಬೇಕು. ಈ ಮಳೆ ಮುಂಚಿನ ದಿನಗಳಲ್ಲಿ ಅದನ್ನು ಕೇಳುವುದು ಸರಿಯಾಗಿಯೇ ಇದೆ.

ಹೆಚ್ಚಿನ ಸಲ ಓಡುವ ಪ್ರಸಂಗವೇ ಬರುವುದಿಲ್ಲ. ನೀರಿನ ಮೇಲೆ ಹಾರಿ ಬರುವ ಹಿಂಡು ನಿಮ್ಮನ್ನು ಹುಡುಕಿಕೊಂಡು ಬಂದದ್ದಲ್ಲ, ಊರು ಬಿಟ್ಟು ಊರಿಗೆ ಹೊರಟದ್ದು. ನಮ್ಮ ಪೆಟ್ಟಿಗೆಯ ತುಡುವೆ ಪಾಲಾದರೆ ಅರ್ಧ ಹಿಂಡು ಹಳೇ ರಾಣಿಯ ಜೊತೆ ಹೋಗುತ್ತದೆ, ಇನ್ನರ್ಧ ಮನೆಯಲ್ಲೇ ಉಳಿಯುತ್ತದೆ. ಹೆಜ್ಜೇನೂ ಹಾಗೆ ಪಾಲಾಗುತ್ತದೆ, ಆದರೆ ವಲಸೆ ಹೋಗುವಾಗ ಅದರ ಕ್ರಮವೇ ಬೇರೆ. ಹೂವಿನ ಕಾಲ ಮುಗಿಯಿತು, ಮಳೆ ಬಂತು ಅನ್ನುವಾಗ ಮರಿ ಇಡುವುದನ್ನು ನಿಲ್ಲಿಸಿ, ಎರಿಯಲ್ಲಿದ್ದ ತುಪ್ಪವನ್ನು ಹೊಟ್ಟೆಗೆ ತುಂಬಿಕೊಂಡು, ಮೇಣವನ್ನು ಅಲ್ಲೇ ಬಿಟ್ಟು ಇಡೀ ಸಂಸಾರ ಎದ್ದು ಹೋಗುತ್ತದೆ. ಮಲೆನಾಡಿನಿಂದ ಬಯಲುಸೀಮೆಗೆ, ಮತ್ತೆ ಹೂ ಬಿಡುವ ಕಾಲಕ್ಕೆ ಬಯಲಿನಿಂದ ಮಲೆನಾಡಿಗೆ. ನೂರು ಕಿಲೋಮೀಟರಿಗೂ ಮೀರಿ ಹೋಗುವುದುಂಟು. ಕಾಯಲು ಮರಿಯಿಲ್ಲ, ತುಪ್ಪವಿಲ್ಲ. ಕಾಯಲು ಏನೂ ಇಲ್ಲದ ಜೇನು ಕುಟುಕಲು ಮುಂದಾಗುವುದು ಕಡಿಮೆ. ಹಾಗಂತ ಅದನ್ನು ಕೆಣಕಿದರೆ ಸುಮ್ಮನಿರುತ್ತದೆ ಅಂತ ಅರ್ಥವಲ್ಲ, ಹೆಜ್ಜೇನು ಹೆಜ್ಜೇನೇ.

ವಲಸೆಯಲ್ಲಿ ನನ್ನನ್ನು ತುಂಬಾ ಕಾಡುವ ಸಂಗತಿ ಇನ್ನೊಂದಿದೆ. ಹೋದ ಹಿಂಡು ಮುಂದಿನ ವರ್ಷ ಅದೇ ಮರಕ್ಕೆ, ಎಷ್ಟೋ ಸಲ ಅದೇ ಕೊಂಬೆಗೆ ವಾಪಸು ಬರುತ್ತದೆ. ಇದು ಬರೀ ಜೇನು ಕೊಯ್ಯುವವರ ಮಾತಲ್ಲ. ಅಸ್ಸಾಂನಲ್ಲಿ ನೊಣಗಳ ವಂಶವಾಹಿ ತಾಳೆ ನೋಡಿ ಇದನ್ನು ಖಚಿತ ಮಾಡಿದ ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಕೆಲಸದ ನೊಣದ ಆಯುಷ್ಯ ಕೆಲವು ವಾರ ಮಾತ್ರ. ಹೋಗುವಾಗ ಇದ್ದ ನೊಣಗಳು ಬರುವಾಗ ಇರುವುದಿಲ್ಲ. ದಾರಿ ಕಂಡವರೆಲ್ಲ ಸತ್ತ ಮೇಲೂ ದಾರಿ ಹೇಗೆ ಉಳಿಯುತ್ತದೆ? ಯೋಚಿಸಿದಷ್ಟೂ ಮನಸ್ಸು ಅಲ್ಲೇ ನಿಲ್ಲುತ್ತದೆ ನೋಡಿ.

ಇನ್ನು ನಮ್ಮ ಹಿನ್ನೀರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಹಿಂದೆ ಸರಿದು ನಿಂತಾಗ ಊರು, ಗದ್ದೆ, ಕಾಡು ಎಲ್ಲ ಮುಳುಗಿದ ಕಥೆ ನಿಮ್ಮ ಅಪ್ಪನ ಬಾಯಲ್ಲೇ ಕೇಳಿದ್ದೀರಿ. ಆ ಕಾಡಿನ ಬೋಳು ಮರಗಳು ಇಷ್ಟು ವರ್ಷ ಕಳೆದರೂ ನೀರಿನಲ್ಲಿ ನಿಂತೇ ಇವೆ. ಬೇಸಿಗೆಯಲ್ಲಿ ನೀರಿಳಿದಾಗ ಹೊನ್ನೇಮರಡುವಿನ ಕಡೆ ಹೋದರೆ ಕಪ್ಪು ಮೋಟುಗಳು ಕಣ್ಣಿಗೆ ಬೀಳುತ್ತವೆ. ಬಲೆ ಬಿಡುವವರಿಗೆ ಅವು ಶಾಪ. ಎಷ್ಟು ಬಲೆ ಹರಿದುಕೊಂಡಿಲ್ಲ ನೀವೇ. ಆದರೆ ಅಗಲವಾದ ನೀರಿನ ಮೇಲೆ ಹಾರಿ ದಣಿದ ಹಿಂಡಿಗೆ ಇಳಿಯಲು ಇರುವ ಜಾಗ ಅವೇ. ಅವೂ ಸಿಗದಿದ್ದರೆ ತೆಪ್ಪದ ಅಂಚು, ದೋಣಿಯ ಕಂಬ, ಯಾವುದಾದರೂ ಸರಿ.

ನಾನು ನೋಡಿದ್ದನ್ನು ಹೇಳುತ್ತೇನೆ. ಬೆಳಗಿನ ಹೊತ್ತು, ಬೆಂಡು ಅಲ್ಲಾಡದೆ ನಿಂತಿತ್ತು. ಹಿಂಡು ಮೊದಲು ಕಿವಿಗೆ ಬಿತ್ತು, ಆಮೇಲೆ ಕಣ್ಣಿಗೆ. ಲಾಂಚ್ ಬಂತೇನೋ ಅಂತ ತಿರುಗಿದರೆ ನೀರಿನ ಮೇಲೆ ಒಂದೆರಡು ಆಳೆತ್ತರದಲ್ಲಿ ಕಂದು ಹೊಗೆ ಸರಿದು ಬರುತ್ತಿತ್ತು. ತೆಪ್ಪದ ಪಕ್ಕದಲ್ಲೇ ಹಾದು, ಸ್ವಲ್ಪ ದೂರದ ಮೋಟಿನ ಕವಲಿಗೆ ಹೋಗಿ ಸುತ್ತತೊಡಗಿತು. ಕೈಬೆರಳೆಣಿಕೆಯ ನೊಣಗಳು ಮೊದಲು ತೊಗಟೆ ಹಿಡಿದವು. ಅವುಗಳ ಕಾಲಿಗೆ ಇನ್ನಷ್ಟು ನೊಣ, ಅವುಗಳ ಕಾಲಿಗೆ ಮತ್ತಷ್ಟು. ನೋಡುನೋಡುತ್ತಿದ್ದಂತೆ ಗಾಳಿಯಲ್ಲಿದ್ದದ್ದೆಲ್ಲ ಇಳಿದು, ಕೊಂಬೆಗೆ ಒಣಹಾಕಿದ ಕಂಬಳಿಯ ಹಾಗೆ ತೂಗತೊಡಗಿತು. ಸದ್ದೂ ಕಮ್ಮಿಯಾಯಿತು. ಆಗ ಒಂದು ಕಣಜ ಸುಳಿಯಿತು. ಮೇಲಿನ ಪದರದ ನೊಣಗಳು ಒಂದರ ಹಿಂದೆ ಒಂದು ಹೊಟ್ಟೆ ಎತ್ತಿ ಇಳಿಸಿದವು. ಆ ಅಲೆ ಈ ತುದಿಯಿಂದ ಆ ತುದಿಗೆ ಕಣ್ಣು ಮಿಟುಕಿಸುವುದರಲ್ಲಿ ಓಡಿತು. ಕಣಜ ದೂರ ಸರಿಯಿತು. ಕಣಜವನ್ನು ಹೆದರಿಸಲು ಹೆಜ್ಜೇನು ಇಟ್ಟುಕೊಂಡಿರುವ ಉಪಾಯ ಇದು. ಒಂದು ನೊಣವನ್ನೂ ಕಳೆದುಕೊಳ್ಳದೆ ಗೆಲ್ಲುವ ಯುದ್ಧ.

ಅವು ಅಲ್ಲಿ ಎಷ್ಟು ದಿನ ಇರುತ್ತವೆ ಅಂತ ಕೇಳುತ್ತೀರಿ. ಒಂದೆರಡು ದಿನವೂ ಇರಬಹುದು, ವಾರಗಟ್ಟಲೆಯೂ ಇರಬಹುದು. ಉತ್ತರ ಥಾಯ್ಲೆಂಡಿನಲ್ಲಿ ನದಿ ದಂಡೆಯ ಒಂದು ತೋಟಕ್ಕೆ ಪ್ರತಿ ವರ್ಷ ಹೆಜ್ಜೇನಿನ ಹಿಂಡುಗಳು ಬಂದು ತಂಗಿ ಹೋಗುತ್ತವೆ ಅನ್ನುವುದನ್ನು ರಾಬಿನ್ಸನ್ ಎಂಬ ಸಂಶೋಧಕರು 2012ರಲ್ಲಿ ಬರೆದಿದ್ದಾರೆ. ಎರಿ ಕಟ್ಟುವುದಿಲ್ಲ, ಮರಿ ಇಡುವುದಿಲ್ಲ, ಸುಧಾರಿಸಿಕೊಂಡು ಹೊರಡುವುದಷ್ಟೇ. ಹೊರಡುವ ಮುನ್ನ ಗೊಂಚಲಿನ ಮೇಲೆಯೇ ಕುಣಿತ ಸುರುವಾಗುತ್ತದೆ. ಜೇನಿನ ಕುಣಿತದಲ್ಲಿ ದಿಕ್ಕೂ ದೂರವೂ ಇದೆ ಅಂತ ಕಂಡುಹಿಡಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಲಿಂಡೌವರ್ ಪಾಲಾದ ಹಿಂಡುಗಳು ಹೊಸ ಮನೆ ಆರಿಸುವುದನ್ನು ನೋಡುತ್ತಾ ಕೂತವರು.

ಅದೇ ಲಿಂಡೌವರ್, ಹೆರನ್ ಎಂಬವರ ಜೊತೆ ಸೇರಿ ಮಾಡಿದ ಒಂದು ಕೆಲಸ ನಮ್ಮಂಥ ನೀರಿನವರಿಗೆ ಬೇಕಾದದ್ದು. 1963ರಲ್ಲಿ ಪ್ರಕಟವಾಯಿತು. ಜೇನುಗಳಿಗೆ ಸರೋವರ ದಾಟಿ ಹೋಗಿ ಸಕ್ಕರೆ ನೀರು ಕುಡಿಯುವುದನ್ನು ಕಲಿಸಿದರು. ಗಾಳಿ ಬೀಸಿ ನೀರಿನಲ್ಲಿ ತೆರೆ ಎದ್ದ ದಿನ ನೊಣಗಳು ಸಲೀಸಾಗಿ ದಾಟಿದವು. ನೀರು ಕನ್ನಡಿಯಂತೆ ನಿಂತ ದಿನ ಮಾತ್ರ ಹಾರುತ್ತಾ ಹಾರುತ್ತಾ ಕೆಳಗಿಳಿದು ನೀರಿಗೇ ಬಿದ್ದವು. ಕಾರಣ ಇಷ್ಟೇ: ಕೆಳಗಿನ ನೆಲದ ಗುರುತುಗಳು ಎಷ್ಟು ಬೇಗ ಹಿಂದೆ ಸರಿಯುತ್ತವೆ ಅನ್ನುವುದರಿಂದಲೇ ಜೇನು ತನ್ನ ಎತ್ತರ, ವೇಗ ಎಲ್ಲವನ್ನೂ ಅಳೆಯುವುದು. ನಿಂತ ನೀರಿನಲ್ಲಿ ಗುರುತೇ ಇಲ್ಲ. ಗಾಳಿ ಸತ್ತ ಬೆಳಗಿನಲ್ಲಿ ತೆಪ್ಪದ ಸುತ್ತ ನೊಣಗಳು ಬಿದ್ದು ರೆಕ್ಕೆ ಬಡಿಯುವುದನ್ನು, ಸಣ್ಣ ಮೀನು ಬಂದು ಗಬಕ್ಕನೆ ನುಂಗುವುದನ್ನು ನೋಡಿದ್ದೀರಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬೇಕು. ಆ ನೊಣಗಳಿಗೆ ಹುಟ್ಟಿನ ತುದಿ ಚಾಚಿ ನೋಡಿ. ಹತ್ತಿ ಕೂತು, ರೆಕ್ಕೆ ಒಣಗಿಸಿಕೊಂಡು ಎದ್ದು ಹೋಗುತ್ತವೆ. ಬರಿಗೈ ಮಾತ್ರ ಚಾಚಬೇಡಿ.

ದೋಣಿಯ ಸುದ್ದಿ ಬಂತು, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಗೌಲ್ಡ್ ಎಂಬ ವಿಜ್ಞಾನಿ ಸರೋವರದ ನಡುವೆ ದೋಣಿ ನಿಲ್ಲಿಸಿ ಅದರಲ್ಲಿ ಸಕ್ಕರೆ ನೀರಿಟ್ಟರು. ಕುಡಿದು ಹೋದ ನೊಣ ಗೂಡಿನಲ್ಲಿ ಕುಣಿದರೂ ಮಿಕ್ಕವು ಬರಲಿಲ್ಲ. ನೀರಿನ ನಡುವೆ ಹೂ ಇರಲು ಸಾಧ್ಯವಿಲ್ಲ ಅಂತ ಜೇನಿಗೆ ತಿಳಿಯುತ್ತದೆ, ಸುತ್ತಲಿನ ನಕ್ಷೆಯೇ ಅದರ ತಲೆಯಲ್ಲಿದೆ ಅಂತ ಅವರು ವಾದಿಸಿದರು. ಬಹಳ ವರ್ಷ ಎಲ್ಲರೂ ಅದನ್ನು ಹೇಳಿಕೊಂಡು ಬಂದರು. 2008ರಲ್ಲಿ ಸೀಲಿ ಮತ್ತು ಜೊತೆಗಾರರು ಅದೇ ಪ್ರಯೋಗವನ್ನು ಇನ್ನಷ್ಟು ಎಚ್ಚರದಿಂದ ಮಾಡಿದಾಗ, ದೋಣಿಯ ಕುಣಿತವನ್ನೂ ದಡದ ಕುಣಿತವನ್ನೂ ಜೇನುಗಳು ಒಂದೇ ರೀತಿ ನಂಬುತ್ತವೆ ಅಂತ ಗೊತ್ತಾಯಿತು. ನನಗೆ ಈ ಎರಡನೇ ಉತ್ತರವೇ ಹೆಚ್ಚು ಇಷ್ಟ. ಅಕ್ಕ ಬಂದು ಹೇಳಿದಳು ಅಂದ ಮೇಲೆ ತಂಗಿ ಹೊರಡುತ್ತಾಳೆ, ಅನುಮಾನಪಡುವುದಿಲ್ಲ.

ಸಂಜೆ ಗಾಳ ಎಳೆಯುವ ಹೊತ್ತಿಗೆ ಅಂಗಿಯ ಮೇಲೆ ಹಳದಿ ಹನಿ ಬಿದ್ದದ್ದು ನೆನಪಿದೆಯೇ? ಅಕ್ಕ ಎಷ್ಟು ಉಜ್ಜಿದರೂ ಹೋಗಲಿಲ್ಲ ಅಂದಿದ್ದರು. ಅದು ಹೆಜ್ಜೇನಿನ ಹಿಕ್ಕೆ. ಗೂಡಿನ ನೊಣಗಳು ಸಾವಿರಗಟ್ಟಲೆ ಒಟ್ಟಿಗೆ ಹೊರಬಂದು, ಜೀರ್ಣವಾಗದೆ ಉಳಿದ ಪರಾಗವನ್ನು ಮಳೆಯಂತೆ ಉದುರಿಸಿ ವಾಪಸು ಹೋಗುತ್ತವೆ. ಇದೇ ಹನಿಯಿಂದ ದೇಶ ದೇಶಗಳ ನಡುವೆ ದೊಡ್ಡ ರಾದ್ಧಾಂತವೇ ಆಗಿತ್ತು. 1981ರಲ್ಲಿ ಅಮೆರಿಕದ ವಿದೇಶಾಂಗ ಸಚಿವ ಅಲೆಕ್ಸಾಂಡರ್ ಹೇಗ್, ಲಾವೋಸ್ ಮತ್ತು ಕಾಂಬೋಡಿಯಾದ ಮೇಲೆ ಬಿದ್ದ ಹಳದಿ ಮಳೆ ಸೋವಿಯತ್ ಒಕ್ಕೂಟ ಕೊಟ್ಟ ವಿಷಾಸ್ತ್ರ ಅಂತ ಜಗತ್ತಿನ ಎದುರು ಆರೋಪ ಹೊರಿಸಿದರು. ಹಾರ್ವರ್ಡ್‌ನ ಮೆಸೆಲ್‌ಸನ್ ಮತ್ತು ಈಗ ಹೇಳಿದ ಅದೇ ಸೀಲಿ ಹನಿಗಳನ್ನು ಪರೀಕ್ಷಿಸಿ, ತುಂಬಾ ಇರುವುದು ಪರಾಗ, ಇದು ಜೇನಿನ ಹಿಕ್ಕೆ ಅಂದರು. ಖಾತ್ರಿ ಮಾಡಿಕೊಳ್ಳಲು 1984ರಲ್ಲಿ ಥಾಯ್ಲೆಂಡಿಗೆ ಹೋದಾಗ ಅವರ ಮೈಮೇಲೆಯೇ ಆ ಮಳೆ ಬಿತ್ತು. ಯುದ್ಧದ ಮಾತಾಡುವ ಮೊದಲು ಯಾರಾದರೂ ಒಬ್ಬ ಮೀನು ಹಿಡಿಯುವವನನ್ನೋ ಜೇನು ಕೊಯ್ಯುವವನನ್ನೋ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ನಿಮ್ಮ ಪ್ರಶ್ನೆಗೇ ಬರುತ್ತೇನೆ. ಹಿಂಡು ಹಾರಿ ಬಂದರೆ ತೆಪ್ಪದಲ್ಲಿ ತಗ್ಗಿ ಕೂತು, ಕಂಬಳಿಯನ್ನೋ ಟವೆಲ್ಲನ್ನೋ ತಲೆ ಮುಖ ಮುಚ್ಚುವಂತೆ ಹೊದ್ದುಕೊಂಡು ಸುಮ್ಮನಿರಿ. ಹುಟ್ಟು ಹಾಕಬೇಡಿ, ಕೈ ಬೀಸಬೇಡಿ. ಅವು ಹಾದು ಹೋಗುತ್ತವೆ. ತೆಪ್ಪದ ಮೇಲೇ ಇಳಿದರೆ ಕಷ್ಟ, ಆದರೂ ಬಡಿಯಬೇಡಿ. ಮೆಲ್ಲಗೆ ದಡಕ್ಕೆ ತಂದು ತೆಪ್ಪ ಬಿಟ್ಟು ದೂರ ನಡೆದುಬಿಡಿ, ಒಂದೆರಡು ದಿನ ಅವುಗಳಿಗೇ ಬಿಡಿ.

ನಿಜವಾದ ಅಪಾಯ ಇರುವುದು ದಡದಲ್ಲಿ, ಎರಿ ಕಟ್ಟಿ ಮರಿ ತುಪ್ಪ ಇಟ್ಟುಕೊಂಡ ಗೂಡಿನ ಹತ್ತಿರ. ಜೇನುಗಿಡುಗ ಎರಿಗೆ ಎರಗುವುದು ಕಂಡರೆ ಆ ಕಡೆ ತೆಪ್ಪ ತಿರುಗಿಸಲೇಬೇಡಿ. ಗಿಡುಗನ ಮೇಲಿನ ಸಿಟ್ಟು ಕೆಳಗಿದ್ದವರ ಮೇಲೆ ಬರುತ್ತದೆ. ಒಂದೆರಡು ನೊಣ ಹಣೆಗೆ ಬಂದು ಬಡಿದರೆ ಅದು ಎಚ್ಚರಿಕೆ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಒಂದು ಕುಟುಕಿತೋ, ಕೊಂಡಿಯ ಜೊತೆ ಒಂದು ವಾಸನೆಯನ್ನೂ ಬಿಡುತ್ತದೆ. ಅದನ್ನು ಹಿಡಿದು ಉಳಿದವೂ ಬರುತ್ತವೆ. ಆ ವಾಸನೆಯಲ್ಲಿರುವ ಮುಖ್ಯ ರಾಸಾಯನಿಕವೇ ಅಂಗಡಿಯಲ್ಲಿ ಸಿಗುವ ಬಾಳೆಹಣ್ಣಿನ ಎಸೆನ್ಸಿನಲ್ಲೂ ಇರುವುದು. ಜೇನು ಸಾಕುವವರು ಪೆಟ್ಟಿಗೆ ಹತ್ತಿರ ಬಾಳೆಹಣ್ಣು ತಿನ್ನಬೇಡಿ ಅನ್ನುವುದು ಅದಕ್ಕೇ. ಕಾಟ್ಲಾ, ರೋಹುವಿಗೆ ಅಂತ ಗೋಧಿಹಿಟ್ಟಿನ ಉಂಡೆಗೆ ಬೆಲ್ಲ, ಎಸೆನ್ಸ್ ಕಲಸುತ್ತೀರಲ್ಲ, ಈ ತಿಂಗಳು ಎರೆಹುಳವೇ ಸಾಕು ಅಣ್ಣಾ.

ಕುಟುಕಿಯೇ ಬಿಟ್ಟರೆ ಕೊಂಡಿಯನ್ನು ತಕ್ಷಣ ಕೀಳಿ. ಉಗುರಿನಿಂದ ಕೆರೆದು ತೆಗೆಯಬೇಕೋ ಚಿವುಟಿ ತೆಗೆಯಬೇಕೋ ಅಂತ ಯೋಚಿಸುತ್ತಾ ನಿಲ್ಲಬೇಡಿ. ಹೇಗೆ ತೆಗೆದರೂ ನಡೆಯುತ್ತದೆ, ತಡಮಾಡಿದಷ್ಟೂ ಒಳಗಿಳಿಯುವ ವಿಷ ಹೆಚ್ಚು. ನೀರಿಗೆ ಹಾರುವುದಂತೂ ಬೇಡವೇ ಬೇಡ. ಅವು ಮೇಲೆಯೇ ಸುತ್ತುತ್ತಿರುತ್ತವೆ, ಉಸಿರಿಗೆ ತಲೆ ಎತ್ತಿದ ಕೂಡಲೇ ಮುಖಕ್ಕೇ ಕುಟುಕುತ್ತವೆ. ಗಾಬರಿಯಲ್ಲಿ ಮುಳುಗಿ ಹೋಗುವ ಅಪಾಯ ಬೇರೆ. ಮುಖ ಮುಚ್ಚಿಕೊಂಡು ದಡ ಸೇರಿ, ದಡದಿಂದ ಮನೆಯೋ ಗಾಡಿಯೋ ಬಾಗಿಲು ಹಾಕುವಂಥ ಜಾಗ ಸೇರಿ. ತುಟಿ, ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಸುಣ್ಣ, ಅರಿಸಿನ ಅಂತ ಕೂರದೆ ನೇರ ಆಸ್ಪತ್ರೆಗೆ. ಹತ್ತಾರು ಕಡೆ ಕುಟುಕಿದ್ದರೂ ಅಷ್ಟೇ.

ರಾತ್ರಿ ಬಲೆ ಬಿಡುವ ಹುಡುಗರಿಗೂ ಒಂದು ಮಾತು ಹೇಳಿ. ಹೆಜ್ಜೇನು ಬೆಳದಿಂಗಳಲ್ಲಿ ಹಾರಬಲ್ಲದು, ದೀಪಕ್ಕೂ ಬರುತ್ತದೆ. ತಲೆಗೆ ಕಟ್ಟಿಕೊಂಡ ಟಾರ್ಚನ್ನು ಮೋಟಿನ ಮೇಲಿನ ಗೊಂಚಲಿನ ಕಡೆ ತಿರುಗಿಸಬಾರದು.

ನಾನು ನಿಮ್ಮನ್ನು ನಿಲ್ಲಿಸಿದ್ದು ಬರೀ ಇಷ್ಟಕ್ಕಲ್ಲ. ಆ ಮೋಟುಗಳನ್ನು ಕಡಿಯಬೇಕು, ಗೊಂಚಲು ಕಂಡರೆ ಸೂಡಿ ಹಚ್ಚಿ ಓಡಿಸಬೇಕು ಅಂತ ನೀರಿಗೆ ಹೋಗುವವರು ಮಾತಾಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಬಲೆ ಹರಿಯುವ ನೋವು ನನಗೆ ಗೊತ್ತು. ಬಲೆ ಬಿಡುವ ಜಾಗದ ಒಂದೆರಡು ಮೋಟು ತೆಗೆದರೆ ನಾನು ತಕರಾರು ಮಾಡುವುದಿಲ್ಲ. ಆದರೆ ಎತ್ತರದವು, ಕವಲಿದ್ದವು ನಿಲ್ಲಲಿ. ಸೂಡಿಯ ಮಾತು ಮಾತ್ರ ನನ್ನಿಂದ ಸಹಿಸಲಾಗುವುದಿಲ್ಲ. ತಂಗಿದ ಗೊಂಚಲಿನಲ್ಲಿ ಸುಟ್ಟರೂ ಸಿಗಲು ಒಂದು ಹನಿ ತುಪ್ಪವಿಲ್ಲ. ಸಾಯುವುದು ನಮ್ಮ ಕಾಡಿನ ಮರಗಳಿಗೆ ಕಾಯಿ ಕಚ್ಚಿಸುವ ನೊಣ, ಉಳಿಯುವುದು ಸಿಟ್ಟೆದ್ದ ನೊಣ. ಭಾನುವಾರ ದಡದಲ್ಲಿ ಎಲ್ಲರೂ ಸಿಗುತ್ತಾರಲ್ಲ, ನನ್ನ ಮಾತಿಗಿಂತ ನಿಮ್ಮ ಮಾತಿಗೆ ಅಲ್ಲಿ ಬೆಲೆ ಹೆಚ್ಚು. ದಯವಿಟ್ಟು ಹೇಳಿ ಅಣ್ಣಾ: ನೀರಿನಲ್ಲಿ ಇಳಿದ ಹಿಂಡಿಗೆ ಬೆಂಕಿ ಬೇಡ, ಸುಧಾರಿಸಿಕೊಂಡು ಅವೇ ಎದ್ದು ಹೋಗುತ್ತವೆ.