ಬೆಂದ ಕಾಳಿನ ಪರವಾಗಿ

ಬೆಂಗಳೂರಿನವರು ತಮ್ಮ ಊರಿನ ಚರಿತ್ರೆಯನ್ನು ಎಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆಂದರೆ, ದಾಖಲೆಗಳನ್ನು ಅದರ ಹತ್ತಿರ ಸುಳಿಯಲೂ ಬಿಟ್ಟಿಲ್ಲ.

ಮೊದಲಿಗೆ ಇಮ್ಮಡಿ ವೀರಬಲ್ಲಾಳನ ಪ್ರತಾಪ. ಬೇಟೆಗೆ ಬಂದು ದಾರಿ ತಪ್ಪಿ, ಹಸಿದು, ಅಜ್ಜಿಯೊಬ್ಬಳು ಕೊಟ್ಟ ಬೆಂದ ಕಾಳು ತಿಂದು ಊರಿಗೆ ಬೆಂದಕಾಳೂರು ಎಂದು ಹೆಸರಿಟ್ಟ ದೊರೆ. ಆತ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಗಂಗರ ಕಾಲದ ಶಾಸನವೋ, ಸುಮಾರು 890ರಲ್ಲೇ ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಸತ್ತನೆಂದು ಹೇಳುತ್ತದೆ. ಮುನ್ನೂರು ವರ್ಷದ ಹಿಂದೆಯೇ ಚಾಲ್ತಿಯಲ್ಲಿದ್ದ ಹೆಸರನ್ನು ಒಂದು ಹಿಡಿ ಕಾಳು ತಿಂದು ಹುಟ್ಟಿಸುವುದೆಂದರೆ ಸಾಮಾನ್ಯ ರಾಜರ ಕೈಲಾಗುವ ಕೆಲಸವೇ? ಹೊಯ್ಸಳರ ಸಾಹಸ ಹಾಡಿದವರು ಇದೊಂದನ್ನು ಬಿಟ್ಟದ್ದು ಅನ್ಯಾಯ. ಇನ್ನು ಆ ನಾಗತ್ತರನ ಮಗ. ಪ್ರಾಣ ಕೊಟ್ಟ, ಕಲ್ಲಿನ ಮೇಲೆ ದಾಖಲಾದ. ಆದರೂ ಅವನ ಹೆಸರು ಕೇಳಿದರೆ ಊರು ಕಣ್ಣುಕಣ್ಣು ಬಿಡುತ್ತದೆ. ಯಾವ ಕಲ್ಲಿನ ಹಂಗೂ ಇಲ್ಲದ ಅಜ್ಜಿಯನ್ನು ಮಾತ್ರ ಒಂದನೇ ತರಗತಿಯ ಮಗುವೂ ಬಲ್ಲದು. ಸಾಯುವ ಬದಲು ಅವನೂ ಒಲೆ ಹಚ್ಚಿ ಏನಾದರೂ ಬೇಯಿಸಬಹುದಿತ್ತು.

ಬಸವನಗುಡಿಯ ತರ್ಕಶಾಸ್ತ್ರ ಇದಕ್ಕೂ ಮಿಗಿಲು. ರೈತರ ಕಡಲೆಕಾಯಿ ಮೇಯುತ್ತಿದ್ದ ಬಸವನಿಗೆ ಪೆಟ್ಟು ಬಿತ್ತು, ಬಸವ ಕಲ್ಲಾದ, ಕಲ್ಲಾದ ಮೇಲೂ ಬೆಳೆಯುತ್ತಲೇ ಹೋದ, ನೆತ್ತಿಗೆ ತ್ರಿಶೂಲ ಜಡಿದ ಮೇಲೆ ನಿಂತ. ಪುರಾವೆ ಬೇಕೇ? ಹೋಗಿ ನೋಡಿ, ಬೆಳೆಯುತ್ತಿಲ್ಲ. ಗುಡಿ ಕಟ್ಟಿಸಿದವರು ಕೆಂಪೇಗೌಡರು, ಅಂದರೆ ಹದಿನಾರನೆಯ ಶತಮಾನ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ಐರೋಪ್ಯರು ಸಮುದ್ರ ದಾಟಿದ ಮೇಲಷ್ಟೇ ಇತ್ತ ಬಂದದ್ದು. ಹಡಗು ಇಳಿದು ಸುಂಕೇನಹಳ್ಳಿಯ ಹೊಲ ಸೇರಲು ಅದು ಎಂಥ ಅವಸರ ಮಾಡಿರಬೇಕು! ಕಾರ್ತಿಕದ ಕೊನೆಯ ಸೋಮವಾರ ಪರಿಷೆಯಲ್ಲಿ ಬಿಸಿಬಿಸಿ ಕಾಯಿ ಸುಲಿಯುತ್ತಾ ನಿಂತವರ ಎದುರು ಈ ತಕರಾರು ಎತ್ತುವಷ್ಟು ಗುಂಡಿಗೆ ನನಗಂತೂ ಇಲ್ಲ.

ಕೆಂಪೇಗೌಡರ ಕೋಟೆಬಾಗಿಲ ಕಥೆಯನ್ನು ಹೊಗಳುವಾಗ ದನಿ ತುಸು ತಗ್ಗಿಸಬೇಕಾಗುತ್ತದೆ. ಬಾಗಿಲು ಬೀಳುತ್ತಲೇ ಇತ್ತು, ತುಂಬು ಬಸುರಿ ಸೊಸೆ ಲಕ್ಷ್ಮಮ್ಮ ಕತ್ತಿಗೆ ಕೊರಳೊಡ್ಡಿದಳು, ಬಾಗಿಲು ನಿಂತಿತು. ಕೋರಮಂಗಲದಲ್ಲಿ ಸಮಾಧಿಯಿದೆ. 'ಕೆರೆಗೆ ಹಾರ'ದಲ್ಲಿ ನೀರಿಗೆ ಕೊಟ್ಟದ್ದೂ ಕಿರಿಸೊಸೆ ಭಾಗೀರಥಿಯನ್ನೇ. ನಮ್ಮ ಜನಪದ ಎಂಜಿನಿಯರುಗಳು ಅತ್ತೆಮಾವಂದಿರನ್ನು ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಅವರ ವೃತ್ತಿಕೌಶಲ. ಆ ಮಣ್ಣಿನ ಕೋಟೆಯನ್ನು ಆಮೇಲೆ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಅವನಿಗೆ ಕಲ್ಲೇ ಸಾಕಾಯಿತು, ಪಾಪ, ತಿಳಿವಳಿಕೆ ಸಾಲದು.

ದಾಖಲೆಯಿರುವ ಕಥೆಯೇ ಇಲ್ಲವೆಂದಲ್ಲ. ಬೆಂಗಳೂರು ಕ್ಲಬ್ಬಿನ 1899ರ ಪುಸ್ತಕದಲ್ಲಿ, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ, ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಇದೆ. ತಾರೀಖು, ಮೊತ್ತ, ಸಾಲಗಾರ ಎಲ್ಲವೂ ಸರಿ. ಕೇಳಿದವರು ಮಾತ್ರ 'ಬಿಡಿ ಸಾರ್, ಯಾರೋ ಕಟ್ಟಿದ ಕಥೆ' ಎನ್ನುತ್ತಾರೆ.

ಗಡಿಗೋಪುರಗಳ ಭವಿಷ್ಯವಾಣಿಯ ಮೇಲಂತೂ ಯಾರಿಗೂ ಸಂಶಯವಿಲ್ಲ. ಲಾಲ್‌ಬಾಗ್, ಹಲಸೂರು, ಕೆಂಪಾಂಬುಧಿ, ಮೇಖ್ರಿ ವೃತ್ತ: ಈ ನಾಲ್ಕು ಗೋಪುರ ದಾಟಿ ಊರು ಬೆಳೆದರೆ ಕೇಡು ಎಂದರಂತೆ ಕೆಂಪೇಗೌಡರು. ಗೋಪುರ ಕಟ್ಟಿಸಿದ್ದು ಇಮ್ಮಡಿ ಕೆಂಪೇಗೌಡ ಎನ್ನುವ ಇತಿಹಾಸಕಾರರಿದ್ದಾರೆ, ಇರಲಿ. ನಾಡಪ್ರಭುಗಳ ಮಾತಿಗೆ ಊರು ಕೊಟ್ಟ ಮರ್ಯಾದೆ ನೋಡಿ: ಮೇಖ್ರಿ ವೃತ್ತ ದಾಟಿ, ಹೆಬ್ಬಾಳ, ಯಲಹಂಕ ದಾಟಿ, ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಕಟ್ಟಿ ಅದಕ್ಕೆ ಅವರದೇ ಹೆಸರಿಟ್ಟಿತು. 2022ರಲ್ಲಿ ಅಲ್ಲಿಯೇ 108 ಅಡಿಯ ಪ್ರತಿಮೆಯನ್ನೂ ನಿಲ್ಲಿಸಿ, ಕೇಡಿನ ಆ ಸೀಮೆಯಲ್ಲಿ ಅದಕ್ಕೆ 'ಪ್ರಗತಿಯ ಪ್ರತಿಮೆ' ಎಂದು ನಾಮಕರಣ ಮಾಡಿತು.